ಉಡ ಅಡ್ಡ ಬಂದ ಅರಮನೆ

ಹೈದರಾಬಾದಿನ ಹುಸೇನ್ ಸಾಗರದ ಸಮೀಪ, 1888ರಲ್ಲಿ, ಆರನೆಯ ನಿಜಾಮ ಮೆಹಬೂಬ್ ಅಲಿ ಖಾನರಿಗಾಗಿ ಯೂರೋಪಿನ ಶೈಲಿಯಲ್ಲಿ ಒಂದು ಅರಮನೆ ಎದ್ದಿತು. ಅದಕ್ಕೆ ಸೈಫಾಬಾದ್ ಅರಮನೆ ಎಂದು ಹೆಸರು. ನಿಜಾಮರು ಅಲ್ಲಿ ನೆಲೆಸಲಿಲ್ಲ. ಕಟ್ಟಡ ನೋಡಲು ಹೊರಟಾಗ ದಾರಿಗೆ ಉಡವೊಂದು ಅಡ್ಡ ಬಂತು, ಅಪಶಕುನವೆಂದು ಅವರು ಅಲ್ಲಿಂದಲೇ ಹಿಂದಿರುಗಿ ಅರಮನೆಗೆ ಬೀಗ ಹಾಕಿಸಿದರು ಎಂಬುದು ಊರಿನ ಕಥೆ. ಹಳೆಯ ಪಟ್ಟಣದ ಪುರಾನಿ ಹವೇಲಿಯನ್ನು ದೊರೆ ಬಿಡುವುದು ಬೇಡವಾಗಿದ್ದ ಆಸ್ಥಾನಿಕರೇ ಆ ಶಕುನವನ್ನು ಹೊಂದಿಸಿದ್ದರು ಎಂಬ ಪಾಠಾಂತರವೂ ಉಂಟು. ಎರಡನೆಯ ಕಥೆಯೇ ನನಗೆ ಹೆಚ್ಚು ನಂಬಲರ್ಹವೆನಿಸುತ್ತದೆ. ಉಡಕ್ಕಿಂತ ಆಸ್ಥಾನಿಕರು ಸಮಯಕ್ಕೆ ಸರಿಯಾಗಿ ಬರುವವರು.

ಕಥೆ ಹೇಗಾದರೂ ಇರಲಿ, ದೊರೆ ಕೈಬಿಟ್ಟ ಮೇಲೆ ಆ ಕಟ್ಟಡ ನೂರಮೂವತ್ತಕ್ಕೂ ಹೆಚ್ಚು ವರ್ಷ ನಿಂತಿತು. ಅದನ್ನು ನಿಲ್ಲಿಸಿದ್ದು ಗುಮಾಸ್ತರು. ಖಾಲಿ ಅರಮನೆಗೆ ನಿಜಾಮ್ ಸರಕಾರದ ಕಚೇರಿಗಳು ಬಂದವು, ಕಡತಗಳು ಬಂದವು, ಕಡತಗಳನ್ನು ಹೊರುವ ಜವಾನರು ಬಂದರು. 1956ರಲ್ಲಿ ಆಂಧ್ರಪ್ರದೇಶವಾದ ಮೇಲೆ ಆ ಆವರಣವೇ ಸಚಿವಾಲಯವಾಯಿತು. ಹೊಸ ರಾಜ್ಯದ ಮೊದಲ ದಶಕಗಳಲ್ಲಿ ಮುಖ್ಯಮಂತ್ರಿಗಳು ಕುಳಿತದ್ದೂ ಅಲ್ಲಿಯೇ. ಅರಮನೆ ತನ್ನ ಹೆಸರನ್ನು ಕಳೆದುಕೊಂಡು ‘ಜಿ ಬ್ಲಾಕ್’ ಎಂಬ ಒಂದಕ್ಷರದ ಗುರುತಿಗೆ ಇಳಿಯಿತು. ‘ಸರ್ವಹಿತ’ ಎಂಬ ಇನ್ನೊಂದು ಹೆಸರೂ ಅದಕ್ಕಿತ್ತು. ಕನ್ನಡಿಗರಾದ ನಮಗೆ ಇದು ತೀರ ಪರಊರಿನ ಸಂಗತಿಯಲ್ಲ. ಕಲಬುರಗಿ, ಬೀದರ, ರಾಯಚೂರು ಜಿಲ್ಲೆಗಳು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಅಲ್ಲಿನ ಜಮೀನು, ಶಾಲೆ, ಕೆರೆಗಳ ವಿಚಾರಗಳು ಉರ್ದುವಿನಲ್ಲಿ ಬರೆಸಿಕೊಂಡು ತೀರ್ಮಾನಕ್ಕಾಗಿ ತಲುಪುತ್ತಿದ್ದುದು ಈ ಊರಿನ ಕಚೇರಿಗಳನ್ನೇ. ಆ ಕಾಲದ ಕಾಗದಗಳನ್ನು ಹುಡುಕಿಕೊಂಡು ಸಂಶೋಧಕರು ಇಂದಿಗೂ ತಾರ್ನಾಕದ ಪತ್ರಾಗಾರಕ್ಕೆ ಬರುತ್ತಾರೆ. ಕಾಗದ ಉಳಿದಿದೆ, ಆ ಆಡಳಿತ ನಡೆದ ಅರಮನೆ ಉಳಿಯಲಿಲ್ಲ.

ಸರಕಾರಿ ಕಚೇರಿಯನ್ನು ಪರಂಪರೆಯ ಶತ್ರುವೆಂದು ಬಯ್ಯುವುದು ವಾಡಿಕೆ. ನಾವು ಕಮಾನುಗಳ ನಡುವೆ ಪ್ಲೈವುಡ್ ತಡಿಕೆ ಹಾಕುತ್ತೇವೆ, ಗಾರೆಯ ಹೂಬಳ್ಳಿಯ ಮೇಲೆ ಮೊಳೆ ಹೊಡೆದು ಕ್ಯಾಲೆಂಡರ್ ತೂಗುಹಾಕುತ್ತೇವೆ, ತೇಗದ ಬಾಗಿಲಿಗೆ ಹಸಿರು ಎನಾಮೆಲ್ ಬಳಿಯುತ್ತೇವೆ. ಇವೆಲ್ಲ ನಿಜ. ಆದರೆ ಕಚೇರಿಯಿದ್ದಲ್ಲಿ ಮಳೆಗಾಲದಲ್ಲಿ ತಾರಸಿ ಸೋರಿದರೆ ಯಾರದೋ ಮೇಜಿನ ಮೇಲೆ ನೀರು ಬೀಳುತ್ತದೆ. ಬಿದ್ದೊಡನೆ ಒಂದು ಟಿಪ್ಪಣಿ ಏಳುತ್ತದೆ. ತಡವಾಗಿಯಾದರೂ ಲೋಕೋಪಯೋಗಿ ಇಲಾಖೆಯ ಯಾರೋ ಏಣಿ ಹತ್ತುತ್ತಾರೆ. ಖಾಲಿ ಕಟ್ಟಡದಲ್ಲಿ ನೀರು ಯಾರ ಮೇಲೂ ಬೀಳುವುದಿಲ್ಲ. ತಾರಸಿಯ ನೀರು ಇಳಿಯುವ ಕೊಳವೆಗೆ ಒಣ ಎಲೆ ತುಂಬುತ್ತದೆ, ನೀರು ನಿಲ್ಲುತ್ತದೆ, ಸುಣ್ಣದ ಗಾರೆ ಅದನ್ನು ಹೀರುತ್ತದೆ. ಗೋಡೆಯೊಳಗೆ ಹುದುಗಿರುವ ತೊಲೆಯ ತುದಿ ಮೊದಲು ಕೊಳೆಯುತ್ತದೆ. ಹೊರಗೆ ಕಾಣುವ ಭಾಗ ಇನ್ನೂ ಗಟ್ಟಿಯಾಗಿಯೇ ಇರುತ್ತದೆ. ಹಕ್ಕಿ ಹಾಕಿದ ಅರಳಿಯ ಬೀಜ ಬಿರುಕಿನಲ್ಲಿ ಬೇರು ಬಿಡುತ್ತದೆ. ಅಷ್ಟರಲ್ಲಿ ಯಾರಾದರೂ ಒಳ್ಳೆಯ ಮನಸ್ಸಿನಿಂದಲೇ ಸಿಮೆಂಟಿನ ಗಿಲಾವು ಮಾಡಿಸಿದ್ದರೆ ಕೇಡು ಇಮ್ಮಡಿ: ಸುಣ್ಣದ ಗೋಡೆ ಉಸಿರಾಡುವಂಥದು, ಸಿಮೆಂಟು ಅದರ ಬಾಯಿ ಕಟ್ಟಿ ತೇವವನ್ನು ಒಳಗೇ ಹಿಡಿದಿಡುತ್ತದೆ.

ಹತ್ತು ಹದಿನೈದು ಮಳೆಗಾಲ ಕಳೆದ ಮೇಲೆ ಒಬ್ಬ ಎಂಜಿನಿಯರ್ ಬಂದು ‘ಶಿಥಿಲ, ವಾಸಕ್ಕೆ ಯೋಗ್ಯವಲ್ಲ’ ಎಂದು ಬರೆಯುತ್ತಾರೆ. ಅವರು ಬರೆದದ್ದು ಸುಳ್ಳಲ್ಲ. ಆದರೆ ಆ ಷರಾದಲ್ಲಿ ಕರ್ತೃಪದವಿರುವುದಿಲ್ಲ. ಕಟ್ಟಡ ತಾನಾಗಿಯೇ, ಮುಪ್ಪಿನಿಂದ, ಶಿಥಿಲವಾದಂತೆ ಅದು ಓದಿಸಿಕೊಳ್ಳುತ್ತದೆ. ಯಾರು ಯಾವಾಗ ತೆರವು ಮಾಡಿದರು, ತೆರವಾದ ಮೇಲೆ ಬೀಗದ ಕೈ ಯಾರ ಬಳಿ ಇತ್ತು, ದುರಸ್ತಿಯ ಅಂದಾಜು ಎಷ್ಟು ಸಲ ಹಿಂದಿರುಗಿತು ಎಂಬುದು ಬೇರೆ ಕಡತದಲ್ಲಿರುತ್ತದೆ.

ಜಿ ಬ್ಲಾಕಿನ ಕೊನೆಯೂ ಹೀಗೆಯೇ ಆಯಿತು. ಆವರಣದಲ್ಲಿ ಹೊಸ ಬ್ಲಾಕುಗಳೆದ್ದಂತೆ ಹಳೆಯ ಅರಮನೆ ಬರಿದಾಗುತ್ತ ಹೋಯಿತು. ತೆಲಂಗಾಣ ಸರಕಾರ ಇಡೀ ಸಚಿವಾಲಯವನ್ನು ಕೆಡವಿ ಹೊಸದನ್ನು ಕಟ್ಟಲು ನಿಶ್ಚಯಿಸಿದಾಗ ಅದು ಬಹುಕಾಲದಿಂದ ಬಳಕೆಯಲ್ಲಿರಲಿಲ್ಲ. ಹಳೆಯ ಬ್ಲಾಕುಗಳು ಚದುರಿವೆ, ಬೆಂಕಿಯಿಂದ ರಕ್ಷಣೆಯಿಲ್ಲ ಎಂಬುದು ಸರಕಾರದ ಕಾರಣ. ಜನ ಆಡಿಕೊಂಡ ಕಾರಣ ವಾಸ್ತು. ಉಡದಿಂದ ಬೀಗ ಬಿದ್ದ ಮನೆಗೆ ಕೊನೆಯಲ್ಲಿ ವಾಸ್ತುವಿನ ಮಾತು ಸುತ್ತಿಕೊಂಡಿತು. ನಮ್ಮಲ್ಲಿ ಉಡದ ಪಟ್ಟು ಎನ್ನುತ್ತಾರಲ್ಲ, ಅದು ಇಷ್ಟು ದೀರ್ಘವಾಗಿರಬಹುದೆಂದು ಯಾರೂ ಎಣಿಸಿರಲಿಕ್ಕಿಲ್ಲ. 2019ರಲ್ಲಿ ಕಚೇರಿಗಳು ಎದುರಿನ ಬಿ.ಆರ್.ಕೆ. ಭವನಕ್ಕೆ ಹೋದವು. 2020ರ ಜೂನ್ ಕೊನೆಯಲ್ಲಿ ಹೈಕೋರ್ಟು ಅರ್ಜಿಗಳನ್ನು ವಜಾ ಮಾಡಿತು. ಜುಲೈ ಮೊದಲ ವಾರ ಕಳೆಯುತ್ತಿದ್ದಂತೆ, ಕೊರೋನಾದಿಂದ ಊರು ಮನೆಯೊಳಗೆ ಕುಳಿತಿದ್ದಾಗ, ಸುತ್ತಲಿನ ರಸ್ತೆಗಳನ್ನು ಮುಚ್ಚಿ ಕೆಡವುವ ಕೆಲಸ ಆರಂಭವಾಯಿತು. ಪತ್ರಕರ್ತರನ್ನು ಒಳಗೆ ಬಿಡದಿದ್ದುದರಿಂದ ಆ ವಿಷಯವೂ ನ್ಯಾಯಾಲಯದ ಮೆಟ್ಟಿಲೇರಿತು. ಆವರಣದೊಳಗಿನ ದೇವಸ್ಥಾನ ಮತ್ತು ಮಸೀದಿಗಳಿಗೆ ಧಕ್ಕೆಯಾದಾಗ ವಿಷಾದದ ಮಾತು ಬಂತು, ಅವುಗಳನ್ನು ಮರಳಿ ಕಟ್ಟಿಕೊಡುವ ಭರವಸೆಯೂ ಬಂತು. ಅರಮನೆಗೆ ಅಂಥ ಹಕ್ಕುದಾರರು ಇರಲಿಲ್ಲ. 2023ರ ಏಪ್ರಿಲ್ 30ರಂದು ಉದ್ಘಾಟನೆಯಾದ ಹೊಸ ಸಚಿವಾಲಯದ ತುಂಬ ಗುಮ್ಮಟಗಳು. ಅವಕ್ಕೆ ಹಳೆಯ ದೇವಾಲಯ ಮತ್ತು ಸಂಸ್ಥಾನದ ಅರಮನೆಯ ಸ್ಫೂರ್ತಿ ಎಂದು ವಿವರಿಸಲಾಯಿತು.

ಇದಕ್ಕೂ ಹತ್ತು ತಿಂಗಳ ಹಿಂದೆ ಇದೇ ಹೈಕೋರ್ಟು ಬೇರೊಂದು ಅರಮನೆಯನ್ನು ಉಳಿಸಿತ್ತು. ಪಂಜಾಗುಟ್ಟದ ಬಳಿಯ ಎರ್ರಂ ಮಂಜಿಲ್ ನವಾಬ ಫಕ್ರುಲ್ ಮುಲ್ಕ್ ಗುಡ್ಡದ ಮೇಲೆ ಕಟ್ಟಿಸಿದ ಮನೆ. ಫಾರಸಿಯಲ್ಲಿ ‘ಇರಂ’ ಎಂದರೆ ಸ್ವರ್ಗದ ತೋಟ, ತೆಲುಗಿನಲ್ಲಿ ‘ಎರ್ರ’ ಎಂದರೆ ಕೆಂಪು. ಕೆಂಪು ಮಣ್ಣಿನ ಗುಡ್ಡಕ್ಕೆ ಎರಡು ಭಾಷೆಗಳಲ್ಲೂ ಸಲ್ಲುವ ಹೆಸರನ್ನು ನವಾಬರು ಇಟ್ಟರಂತೆ. ಮುಂದೆ ಅಲ್ಲಿಗೂ ಸರಕಾರಿ ಎಂಜಿನಿಯರುಗಳ ಕಚೇರಿಗಳು ಬಂದವು. 2019ರ ಜೂನಿನಲ್ಲಿ ಅದೇ ಜಾಗದಲ್ಲಿ ಹೊಸ ವಿಧಾನಸಭಾ ಭವನಕ್ಕೆ ಶಂಕುಸ್ಥಾಪನೆಯಾಯಿತು. ಹೈದರಾಬಾದಿನಲ್ಲಿ ಪಾರಂಪರಿಕ ಕಟ್ಟಡಗಳಿಗೆ ನಿಯಮ 13 ಎಂಬ ರಕ್ಷಣೆಯಿತ್ತು. ಅದರ ಪಟ್ಟಿಯಲ್ಲಿ ನೂರಮೂವತ್ತಕ್ಕೂ ಹೆಚ್ಚು ಹೆಸರುಗಳಿದ್ದವು, ಈ ಮನೆಯದೂ ಸೇರಿ. 2015ರಲ್ಲಿ ಸರಕಾರ ಆ ನಿಯಮವನ್ನೇ ತೆಗೆದುಹಾಕಿತ್ತು. 2017ರಲ್ಲಿ ಹೊಸ ಪರಂಪರಾ ಕಾಯಿದೆಯೇನೋ ಬಂತು. ಹಳೆಯ ಪಟ್ಟಿಗೆ ಅದರಲ್ಲಿ ತಾನಾಗಿ ಜಾಗ ಸಿಗಲಿಲ್ಲ. ಆದರೂ 2019ರ ಸೆಪ್ಟೆಂಬರ್ 16ರಂದು ನ್ಯಾಯಾಲಯ, ಕಾನೂನಿನ ಕ್ರಮವನ್ನು ಗಮನಿಸದೆ ಕೈಗೊಂಡದ್ದೆಂದು ಸಂಪುಟದ ನಿರ್ಣಯವನ್ನು ರದ್ದು ಮಾಡಿತು. ಮನೆ ಉಳಿಯಿತು. ಉಳಿದದ್ದು ದುರಸ್ತಿಯಾಯಿತೆಂದು ಅರ್ಥವಲ್ಲ. ತಡೆಯಾಜ್ಞೆ ಬುಲ್‌ಡೋಜರನ್ನು ನಿಲ್ಲಿಸಬಲ್ಲದು, ಅರಳಿಗಿಡ ಅದನ್ನು ಓದುವುದಿಲ್ಲ.

ತೆರವಾದ ಮೇಲೆ ಕಟ್ಟಡ ಎಷ್ಟು ಬೇಗ ಹೋಗುತ್ತದೆಂಬುದಕ್ಕೆ ಹಳೆಯ ಸಾಕ್ಷಿ ದಿವಾನ್ ದೇವಡಿ. ಹೈದರಾಬಾದಿನ ದಿವಾನರಾಗಿದ್ದ ಸಾಲಾರ್ ಜಂಗರ ಮನೆ ಅದು. 1951ರ ಡಿಸೆಂಬರಿನಲ್ಲಿ ನೆಹರೂ ಸಾಲಾರ್ ಜಂಗ್ ವಸ್ತುಸಂಗ್ರಹಾಲಯವನ್ನು ಉದ್ಘಾಟಿಸಿದ್ದು ಆ ಮನೆಯಲ್ಲಿಯೇ. 1968ರಲ್ಲಿ ಗಡಿಯಾರ, ದಂತ, ಪಿಂಗಾಣಿ, ಮುಸುಕಿನ ರೆಬೆಕ್ಕ ಎಲ್ಲವೂ ಮೂಸಿಯ ದಂಡೆಯ ಹೊಸ ಕಟ್ಟಡಕ್ಕೆ ಬಂದವು. ಸರಕು ಕ್ಷೇಮವಾಗಿದೆ, ದಿನವೂ ಜನ ಸಾಲುಗಟ್ಟಿ ನೋಡುತ್ತಾರೆ. ಆ ಸರಕು ಬದುಕಿದ್ದ ಮನೆ ಮುಂದಿನ ದಶಕಗಳಲ್ಲಿ ನೆಲಸಮವಾಗಿ ಅಂಗಡಿ ಸಾಲುಗಳಾದವು. ಬಾಗಿಲುಗಳು ಮಾತ್ರ ಉಳಿದಿವೆ. ಅವುಗಳ ಕೆಳಗೆ ಆಟೋಗಳು ಹಾಯುತ್ತವೆ.

ಇದಕ್ಕೆ ಅಪವಾದವಿಲ್ಲವೆಂದಲ್ಲ. ಕೋಠಿಯ ರೆಸಿಡೆನ್ಸಿ, 1803ರ ಹೊತ್ತಿಗೆ ಜೇಮ್ಸ್ ಅಕಿಲೀಸ್ ಕರ್ಕ್‌ಪ್ಯಾಟ್ರಿಕ್ ಕಟ್ಟಿಸಿದ್ದು, ಬ್ರಿಟಿಷರು ಹೋದ ಮೇಲೆ ಖಾಲಿಯಾಗಿತ್ತು. 1949ರಲ್ಲಿ ಹೆಣ್ಣುಮಕ್ಕಳ ಕಾಲೇಜು ಅದನ್ನು ಹೊಕ್ಕಿತು. ದರ್ಬಾರ್ ಹಾಲಿನ ತೂಗುದೀಪಗಳ ಸಮೀಪದಲ್ಲೇ ತಲೆಮಾರುಗಳ ವಿದ್ಯಾರ್ಥಿನಿಯರು ಪಾಠ ಕೇಳಿದರು. ಮುಖ್ಯ ಕಟ್ಟಡ ಅಪಾಯಕಾರಿಯೆಂದು ತರಗತಿಗಳನ್ನು ಹೊರಗೆ ತಂದಾಗ ಅದರ ಪಾಡೂ ಮುಗಿಯಿತೆನಿಸಿತ್ತು. ಆದರೆ ಅಲ್ಲಿ ಓದಿದವರು, ಕಲಿಸುವವರು ಆವರಣ ಬಿಟ್ಟು ಹೋಗಲಿಲ್ಲ; ದಿನವೂ ಅದನ್ನು ನೋಡುವ ಕಣ್ಣುಗಳಿದ್ದವು. ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ನೆರವಿನಿಂದ, ಸುಣ್ಣಕ್ಕೆ ಸುಣ್ಣವನ್ನೇ ಬೆಸೆದು ವರ್ಷಗಟ್ಟಲೆ ದುರಸ್ತಿ ನಡೆದು, 2023ರಲ್ಲಿ ಅದರ ಬಾಗಿಲು ಮತ್ತೆ ತೆರೆಯಿತು.

ಈಗ ಸರದಿ ಉಸ್ಮಾನಿಯಾ ಆಸ್ಪತ್ರೆಯದು. 1908ರ ಮೂಸಿಯ ಮಹಾಪ್ರವಾಹ ಊರನ್ನು ಕೊಚ್ಚಿಕೊಂಡು ಹೋದ ಮೇಲೆ, ನಮ್ಮ ವಿಶ್ವೇಶ್ವರಯ್ಯನವರು ಬಂದು ಪ್ರವಾಹ ತಡೆಯುವ ಯೋಜನೆ ಕೊಟ್ಟರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಅದರ ಫಲ. ಆ ಧೈರ್ಯದಲ್ಲಿ ನದೀತೀರವನ್ನು ಹೊಸದಾಗಿ ರೂಪಿಸಿದಾಗ ಎದ್ದ ಕಟ್ಟಡಗಳಲ್ಲಿ ವಿನ್ಸೆಂಟ್ ಎಶ್ ರೂಪಿಸಿದ ಈ ಆಸ್ಪತ್ರೆಯೂ ಒಂದು. ಸುಮಾರು ನೂರು ವರ್ಷ ಅದು ಬಡವರ ಆಸ್ಪತ್ರೆಯಾಗಿ ನಡೆಯಿತು. ಕಲಬುರಗಿ, ಬೀದರ, ಯಾದಗಿರಿಗಳ ಕಡೆಯಿಂದ ರೋಗಿಯನ್ನು ರೈಲಿಗೆ ಹತ್ತಿಸಿಕೊಂಡು ಬಂದವರಿಗೂ ಆ ಗುಮ್ಮಟಗಳು ಪರಿಚಿತ. 2020ರ ಜುಲೈಯಲ್ಲಿ, ಸಚಿವಾಲಯ ನೆಲಕ್ಕುರುಳುತ್ತಿದ್ದ ಅದೇ ದಿನಗಳಲ್ಲಿ, ಮಳೆಯ ನೀರು ವಾರ್ಡುಗಳಿಗೆ ನುಗ್ಗಿತು. ರೋಗಿಗಳನ್ನು ಪಕ್ಕದ ಬ್ಲಾಕುಗಳಿಗೆ ಸಾಗಿಸಿ ಪಾರಂಪರಿಕ ಕಟ್ಟಡಕ್ಕೆ ಬೀಗ ಹಾಕಲಾಯಿತು. ರೋಗಿಯ ಜೀವಕ್ಕಿಂತ ಗುಮ್ಮಟ ದೊಡ್ಡದೆಂದು ಯಾರೂ ಹೇಳಲಾರರು. ವೈದ್ಯರು ಹೊಸ ಆಸ್ಪತ್ರೆಗಾಗಿ ಹೋರಾಡಿದ್ದು ನ್ಯಾಯವೇ. 2025ರ ಜನವರಿಯಲ್ಲಿ ಗೋಶಾಮಹಲಿನಲ್ಲಿ ಅದಕ್ಕೆ ಅಡಿಗಲ್ಲು ಬಿತ್ತು. ಹಾಗಾಗಿ ಹಳೆಯದನ್ನು ಕೆಡವಿ ಅದೇ ಜಾಗದಲ್ಲಿ ಕಟ್ಟಬೇಕೆಂಬ ಒತ್ತಡ ಸದ್ಯಕ್ಕೆ ತಪ್ಪಿದೆ.

ಹೊಸ ಆಸ್ಪತ್ರೆ ಮುಗಿದ ದಿನ ಉಳಿದ ಬ್ಲಾಕುಗಳಿಂದಲೂ ಮಂಚಗಳು ಹೋಗುತ್ತವೆ, ಅವುಗಳ ಹಿಂದೆಯೇ ಔಷಧದಂಗಡಿಗಳು, ಇಡ್ಲಿ ಗಾಡಿಗಳು, ಮರದ ಕೆಳಗೆ ಮಲಗುವ ರೋಗಿಗಳ ಬಂಧುಗಳು. ಅಲ್ಲಿಗೆ ಮುಂದೆ ಯಾವ ಕಚೇರಿ, ಯಾವ ಕಾಲೇಜು, ಯಾವ ಗ್ರಂಥಾಲಯ ಬರಬೇಕೆಂಬ ಕಡತ ಈಗಲೇ ತೆರೆಯಬೇಕು. ಬೀಗ ಬಿದ್ದ ಮೇಲೆ ಆ ತಾರಸಿ ಈಗಾಗಲೇ ಹಲವು ಮಳೆಗಾಲಗಳನ್ನು ಕಂಡಿದೆ.