ಪಂಚಾಂಗದಿಂದ ಫೋನಿನವರೆಗೆ: ಸ್ವೀಡನ್ನಿನ ಮನೆವೈದ್ಯದ ಕಥೆ

ಸ್ವೀಡನ್ನಿಗೆ ಬಂದ ಹೊಸದರಲ್ಲಿ ನಮ್ಮವರ ಬಾಯಲ್ಲಿ ಒಂದೇ ದೂರು. ಮಗುವಿಗೆ ಜ್ವರ ಎಂದು ವೋರ್ಡ್‌ಸೆಂತ್ರಾಲ್‌ಗೆ, ಅಂದರೆ ನಮ್ಮ ಬಡಾವಣೆಯ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿದರೆ ಡಾಕ್ಟರು ಸಿಗುವುದಿಲ್ಲ, ನರ್ಸ್ ಸಿಗುತ್ತಾರೆ. “ಆಲ್ವೆಡಾನ್ ಕೊಡಿ, ಚೆನ್ನಾಗಿ ನೀರು ಕುಡಿಸಿ, ಮೂರು ದಿನ ನೋಡಿ” ಎನ್ನುತ್ತಾರೆ. ಊರಿನಲ್ಲಾದರೆ ಸಂಜೆ ಕ್ಲಿನಿಕ್ಕಿಗೆ ಹೋಗಿ, ಟೋಕನ್ ಹಿಡಿದು ಕೂತು, ಇಂಜೆಕ್ಷನ್ನೋ ಮಾತ್ರೆಯೋ ಏನಾದರೊಂದು ಪಡೆದೇ ಬರುತ್ತಿದ್ದೆವು. ಇವರದು ಅಸಡ್ಡೆಯೋ ಜಿಪುಣತನವೋ ಎಂದು ಬೇರು ಹುಡುಕುತ್ತಾ ಹೋದರೆ, ಅದು ಹದಿನೆಂಟನೆಯ ಶತಮಾನದವರೆಗೂ ಇಳಿದಿದೆ.

1749ರಲ್ಲಿ ಇಲ್ಲಿನ ಪಾದ್ರಿಗಳಿಗೆ ಹೊಸದೊಂದು ಕೆಲಸ ಬಿತ್ತು. ತಮ್ಮ ಚರ್ಚಿನ ವ್ಯಾಪ್ತಿಯಲ್ಲಿ ಹುಟ್ಟಿದವರೆಷ್ಟು, ಸತ್ತವರೆಷ್ಟು, ಸತ್ತದ್ದು ಯಾವ ಕಾಯಿಲೆಯಿಂದ ಎಂದು ಕೋಷ್ಟಕ ತುಂಬಿ ಕಳಿಸಬೇಕು. ಇಡೀ ದೇಶಕ್ಕೆ ಇಂಥ ಲೆಕ್ಕ ಇಟ್ಟವರಲ್ಲಿ ಸ್ವೀಡನ್ನಿನವರೇ ಮೊದಲಿಗರು. ಲೆಕ್ಕ ಹೇಳಿದ ಸುದ್ದಿ ಮಾತ್ರ ಎದೆ ಒಡೆಯುವಂಥದ್ದು: ಐದು ಮಕ್ಕಳು ಹುಟ್ಟಿದರೆ ಸುಮಾರು ಒಂದು ಮಗು ವರ್ಷ ತುಂಬುವ ಮೊದಲೇ ಹೋಗುತ್ತಿತ್ತು. ಸರ್ಕಾರದ ಸಂಬಳದ ಪ್ರಾಂತ ವೈದ್ಯರೇನೋ ಇದ್ದರು, ಆದರೆ ಒಬ್ಬೊಬ್ಬರಿಗೂ ನಮ್ಮ ಒಂದು ಜಿಲ್ಲೆಯಷ್ಟು ನೆಲ, ಮೇಲೆ ಹಿಮ. ಅವರು ಬರುವಷ್ಟರಲ್ಲಿ ರೋಗಿ ಗುಣವಾಗಿರಬೇಕು, ಇಲ್ಲವೇ ಮುಗಿದಿರಬೇಕು.

ಆಗ ಉಪ್ಸಾಲಾದ ಪ್ರಾಧ್ಯಾಪಕ ನಿಲ್ಸ್ ರೋಸೆನ್ ಫಾನ್ ರೋಸೆನ್‌ಸ್ಟೈನ್ (1706–1773) ಒಂದು ಜಾಣ ಉಪಾಯ ಹೂಡಿದರು. ನಮ್ಮ ಮೈಸೂರು ಕಡೆಯ ಮನೆಗಳಲ್ಲಿ ಒಂಟಿಕೊಪ್ಪಲ್ ಪಂಚಾಂಗ ಇರುವಂತೆ ಇಲ್ಲಿನ ಮನೆಮನೆಯಲ್ಲೂ ವಿಜ್ಞಾನ ಅಕಾಡೆಮಿಯ ಪಂಚಾಂಗ ಇರುತ್ತಿತ್ತು. ಅದರೊಳಗೆ 1753ರಿಂದ ಮಕ್ಕಳ ಕಾಯಿಲೆಗಳ ಬಗ್ಗೆ ಬರೆಯತೊಡಗಿದರು. ಭೇದಿ, ಜಂತುಹುಳು, ದಡಾರ, ನಾಯಿಕೆಮ್ಮು, ಸಿಡುಬು. ಗುರುತು ಹಿಡಿಯುವುದು ಹೇಗೆ, ಮನೆಯಲ್ಲಿ ಏನು ಮಾಡಬೇಕು. ಪಂಡಿತರ ಲ್ಯಾಟಿನ್‌ನಲ್ಲಿ ಅಲ್ಲ, ತಾಯಂದಿರ ಸ್ವೀಡಿಷ್‌ನಲ್ಲಿ. 1764ರಲ್ಲಿ ಈ ಬರಹಗಳು ಪುಸ್ತಕವಾದವು, ಯುರೋಪಿನ ಹಲವು ಭಾಷೆಗಳಿಗೂ ಹೋದವು. ಕನ್ನಡ ಎಂ.ಎ. ಓದಿದವಳಿಗೆ ಇಲ್ಲಿ ಜಗದ್ದಳ ಸೋಮನಾಥ ನೆನಪಾಗದೆ ಇರುತ್ತಾನೆಯೇ! ಪೂಜ್ಯಪಾದರ ಸಂಸ್ಕೃತ ವೈದ್ಯಗ್ರಂಥವನ್ನು ಅವನು ಹನ್ನೆರಡನೆಯ ಶತಮಾನದಲ್ಲೇ ‘ಕರ್ಣಾಟಕ ಕಲ್ಯಾಣಕಾರಕ’ವಾಗಿ ಕನ್ನಡಕ್ಕೆ ತಂದಿದ್ದ. ನಮ್ಮಲ್ಲಿ ಅದು ಓಲೆಗರಿಯಲ್ಲಿ ಉಳಿಯಿತು, ಇವರದು ಅಚ್ಚಾಗಿ ಅಡುಗೆಮನೆ ಸೇರಿತು.

ಅಲ್ಲಿಂದ ಮುಂದೆಯೂ ಜನರ ಬಾಗಿಲಿಗೆ ಮೊದಲು ಬಂದವರು ಹೆಚ್ಚಾಗಿ ಡಾಕ್ಟರಲ್ಲದವರೇ. 1816ರಲ್ಲಿ ಸಿಡುಬಿನ ಲಸಿಕೆ ಕಡ್ಡಾಯವಾದಾಗ ಹಳ್ಳಿಗಳಲ್ಲಿ ಲಸಿಕೆ ಹಾಕಿದವರಲ್ಲಿ ಚರ್ಚಿನ ಗಂಟೆ ಬಾರಿಸುವವರೂ ಇದ್ದರು. 1920ರಿಂದ ಜಿಲ್ಲಾ ನರ್ಸುಗಳು ಬಂದರು. 1937ರಲ್ಲಿ ಸಂಸತ್ತು ಮಕ್ಕಳ ಆರೋಗ್ಯ ಕೇಂದ್ರಗಳಿಗೆ ಹಣ ಕೊಡಲು ಒಪ್ಪಿತು. ನಾವು ಮಕ್ಕಳ ತೂಕ ನೋಡಿಸಲು ಹೋಗುವ ಬೇವೆಸೆ ಅದರದೇ ಕುಡಿ. ದೇಶದ ವೈದ್ಯಕೀಯ ಮಂಡಳಿಯ ಮುಖ್ಯಸ್ಥರಾಗಿದ್ದ ಆಕ್ಸೆಲ್ ಹೋಯರ್ 1948ರಲ್ಲಿ, ಸಂಬಳದ ವೈದ್ಯರಿರುವ ಆರೋಗ್ಯ ಕೇಂದ್ರಗಳು ಎಲ್ಲೆಡೆ ಬೇಕು ಎಂದರು. ವೈದ್ಯರ ಸಂಘ ಅವರ ಮೇಲೆ ಹರಿಹಾಯಿತು, ವರದಿ ಮೂಲೆ ಸೇರಿತು. (ನಿವೃತ್ತರಾದ ಮೇಲೆ ಅವರು ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ನಮ್ಮ ಭಾರತದಲ್ಲೂ ದುಡಿದರು.) ಕೊನೆಗೆ 1970ರಲ್ಲಿ ಏಳು ಕ್ರೋನರ್ ಕೊಟ್ಟರೆ ಸರ್ಕಾರಿ ವೈದ್ಯರನ್ನು ಕಾಣಬಹುದು ಎಂಬ ಕಾನೂನು ಬಂತು. ವೋರ್ಡ್‌ಸೆಂತ್ರಾಲ್‌ಗಳು ಬೆಳೆದದ್ದು ಆಮೇಲೆ.

ಈ ಹಳೆಯ ಅಭ್ಯಾಸಕ್ಕೆ 1995ರಲ್ಲಿ ಹೊಸ ಕಾರಣವೊಂದು ಸೇರಿತು. ಆಂಟಿಬಯಾಟಿಕ್ಕಿಗೆ ಬಗ್ಗದ ಬ್ಯಾಕ್ಟೀರಿಯಾಗಳು ಹೆಚ್ಚುತ್ತಿವೆ ಎಂದು ವೈದ್ಯರೇ ಸೇರಿ ‘ಸ್ತ್ರಾಮಾ’ ಕಟ್ಟಿದರು. ಗಂಟಲು ನೋವಿಗೆ ನಾಲ್ಕು ಪ್ರಶ್ನೆ: ಜ್ವರ 38.5 ದಾಟಿದೆಯೇ, ಕುತ್ತಿಗೆಯ ಗಂಟು ಊದಿ ನೋಯುತ್ತಿದೆಯೇ, ಟಾನ್ಸಿಲ್ ಮೇಲೆ ಬಿಳಿ ಪದರವಿದೆಯೇ, ಕೆಮ್ಮು ಇಲ್ಲವೇ? ಮೂರಕ್ಕಾದರೂ ಹೌದು ಎಂದರೆ ಮಾತ್ರ ಸ್ಟ್ರೆಪ್ ಪರೀಕ್ಷೆ. ಒಂದರಿಂದ ಹನ್ನೆರಡು ವರ್ಷದ ಮಕ್ಕಳ ಸಾಧಾರಣ ಕಿವಿ ಸೋಂಕಿಗೆ ಮೊದಲು ನೋವಿನ ಔಷಧಿ. ಎರಡು ಮೂರು ದಿನದಲ್ಲಿ ಇಳಿಯದಿದ್ದರೆ ಮತ್ತೆ ತೋರಿಸಬೇಕು. ಹೆಚ್ಚಿನವು ತಾವಾಗಿಯೇ ಇಳಿಯುತ್ತವೆ ಎಂಬುದು ಅನುಭವಸಿದ್ಧ. ನನಗಂತೂ ಇದು ಒಪ್ಪಿಗೆಯೇ.

ಒಪ್ಪಿಗೆ ಇಲ್ಲದ್ದು ಇನ್ನೊಂದಿದೆ. ಈ ವ್ಯವಸ್ಥೆ ನಿಂತಿರುವುದು ರೋಗಿಯ ಮಾತಿನ ಮೇಲೆ. ಅಂದಿನ ಪಂಚಾಂಗ ತಾಯಿಯ ಭಾಷೆಯಲ್ಲಿತ್ತು. ಇಂದಿನ 1177ರ ಫೋನಿನಲ್ಲಿ ಅರೆಬರೆ ಸ್ವೀಡಿಷ್‌ನಲ್ಲಿ ತಡವರಿಸುವ ನಮ್ಮ ತಾಯಂದಿರಿಗೆ ಆ ಅನುಕೂಲ ಎಲ್ಲಿದೆ? “ಒಂಥರಾ ಆಗ್ತಿದೆ”, “ಮೈಯೆಲ್ಲ ಉಷ್ಣ” ಎಂಬುದನ್ನು ಯಾವ ನರ್ಸ್ ಬರೆದುಕೊಳ್ಳಬೇಕು? ಜೊತೆಗೆ ಸಂಕೋಚ ಬೇರೆ. “ಪರವಾಗಿಲ್ಲ” ಎಂದುಬಿಡುತ್ತೇವೆ, ಅವರು ನಂಬಿಬಿಡುತ್ತಾರೆ.

ಅದಕ್ಕೇ ಹೇಳುತ್ತೇನೆ, ಫೋನ್ ಮಾಡುವ ಮೊದಲು ಬರೆದಿಟ್ಟುಕೊಳ್ಳಿ: ಜ್ವರ ಎಷ್ಟು, ಎಂದಿನಿಂದ, ಮಗು ಎಷ್ಟು ಸಲ ಮೂತ್ರ ಮಾಡಿದೆ. ದಕ್ಷಿಣ ಏಷ್ಯಾದವರಿಗೆ ಸಕ್ಕರೆ ಕಾಯಿಲೆ ಚಿಕ್ಕ ವಯಸ್ಸಿಗೇ, ತೆಳ್ಳಗಿದ್ದರೂ ಬರಬಹುದು. ಮನೆತನದಲ್ಲಿ ಇದ್ದರೆ ಅವರು ಕೇಳದಿದ್ದರೂ ನೀವೇ ಹೇಳಿ. ಸಸ್ಯಾಹಾರಿಗಳಾದರೆ ಅದನ್ನೂ ಹೇಳಿ, ಸುಸ್ತಿಗೆ ಬಿ12 ಕೊರತೆ ಕಾರಣವಿರಬಹುದು. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಕಾಯುವ ಮಾತೇ ಇಲ್ಲ, ಕೂಡಲೇ ತೋರಿಸಿ. ಉಸಿರಾಟ ಕಷ್ಟವಾದರೆ, ಎಬ್ಬಿಸಿದರೂ ಏಳದಿದ್ದರೆ 112. ಭಾಷೆ ಸಾಲದಿದ್ದರೆ, ಸಮಯ ಗೊತ್ತುಮಾಡುವಾಗಲೇ ದುಭಾಷಿ ಬೇಕು ಎಂದು ಕೇಳಿ. ಫೋನ್ ಇಡುವ ಮುನ್ನ ಇನ್ನೊಂದು ಪ್ರಶ್ನೆ ಮರೆಯಬೇಡಿ: “ಏನಾದರೆ ನಾನು ಮತ್ತೆ ಕರೆ ಮಾಡಬೇಕು?”