ವಿಡಿಯೋ ಗೇಮ್ ಕಂಪನಿಗಳಿಗೆ ಮೇಳ ಯಾಕೆ ಬೇಕಿತ್ತು?

ಟಿವಿಗೆ ಜೋಡಿಸಿ ಆಡುವ ವಿಡಿಯೋ ಗೇಮ್ ಪೆಟ್ಟಿಗೆಗೆ ಕನ್ಸೋಲ್ ಎನ್ನುತ್ತಾರೆ. ಇದನ್ನು ತಯಾರಿಸುವ ದೊಡ್ಡ ಕಂಪನಿಗಳು ಇಂದು ಮೂರೇ ಮೂರು: ಜಪಾನಿನ ಸೋನಿ ಮತ್ತು ನಿಂಟೆಂಡೊ, ಅಮೆರಿಕದ ಮೈಕ್ರೋಸಾಫ್ಟ್. ಹಿಂದೆ ಜಪಾನಿನದೇ ಇನ್ನೊಂದು ದೊಡ್ಡ ಹೆಸರಿತ್ತು, ಸೆಗಾ. 2001ರಲ್ಲಿ ಅದು ಪೆಟ್ಟಿಗೆ ವ್ಯಾಪಾರವನ್ನೇ ಬಿಟ್ಟುಬಿಟ್ಟಿತು. ಸೆಗಾ ಕೆಟ್ಟದ್ದು ಒಂದು ಮೇಳದಲ್ಲಿ ಆಡಿದ ಮಾತಿನಿಂದ ಎಂದು ಹೇಳುವವರಿದ್ದಾರೆ. ಅದು ಪೂರ್ತಿ ನಿಜವಲ್ಲ, ಪೂರ್ತಿ ಸುಳ್ಳೂ ಅಲ್ಲ.

ಮೊದಲು ಈ ವ್ಯಾಪಾರದ ಒಳಗುಟ್ಟು ತಿಳಿಯಬೇಕು. ಪೆಟ್ಟಿಗೆಯಲ್ಲಿ ಕಂಪನಿಗೆ ಸಿಗುವ ಲಾಭ ಅಲ್ಪ, ಎಷ್ಟೋ ಸಲ ನಷ್ಟವೇ. ಹಣ ಬರುವುದು ಗೇಮ್‌ಗಳಿಂದ. ಬೇರೆ ಕಂಪನಿಯವರು ಮಾಡಿದ ಗೇಮ್ ಮಾರಾಟವಾದರೂ ಪೆಟ್ಟಿಗೆಯವರಿಗೆ ಒಂದು ಪಾಲು ಸಲ್ಲುತ್ತದೆ. ಆದರೆ ಗೇಮ್ ಇಲ್ಲದ ಪೆಟ್ಟಿಗೆಯನ್ನು ಜನ ಕೊಳ್ಳುವುದಿಲ್ಲ. ಜನ ಕೊಳ್ಳದ ಪೆಟ್ಟಿಗೆಗೆ ಯಾರೂ ಗೇಮ್ ಮಾಡುವುದಿಲ್ಲ. ಇವೆರಡೂ ಇಲ್ಲದಿದ್ದರೆ ಅಂಗಡಿಯವನು ಕಪಾಟಿನಲ್ಲಿ ಜಾಗ ಕೊಡುವುದಿಲ್ಲ. ಒಬ್ಬರ ಮುಖ ಒಬ್ಬರು ನೋಡುತ್ತಾ ಕೂರುವ ಈ ಮೂವರನ್ನೂ ಒಂದೇ ಕಡೆ ಸೇರಿಸಿ ನಂಬಿಸುವ ಜಾಗವೇ ಮೇಳ.

1990ರ ದಶಕದ ಆರಂಭದವರೆಗೆ ಗೇಮ್‌ನವರಿಗೆ ಸ್ವಂತ ಮೇಳವಿರಲಿಲ್ಲ. ಅಮೆರಿಕದ ಎಲೆಕ್ಟ್ರಾನಿಕ್ಸ್ ಸಾಮಾನುಗಳ ದೊಡ್ಡ ಮೇಳ ಸಿಇಎಸ್‌ನಲ್ಲಿ ಟಿವಿ, ಟೇಪ್ ರೆಕಾರ್ಡರ್‌ಗಳ ಮಧ್ಯೆ ಜಾಗ ಹುಡುಕಬೇಕಿತ್ತು. 1991ರ ಜೂನ್‌ನಲ್ಲಿ ಶಿಕಾಗೋದಲ್ಲಿ ನಡೆದ ಸಿಇಎಸ್‌ನಲ್ಲಿ ಸೋನಿ, ನಿಂಟೆಂಡೊ ಜೊತೆ ಸೇರಿ ಸಿ.ಡಿ. ಹಾಕುವ ಪೆಟ್ಟಿಗೆ ತರುವುದಾಗಿ ಘೋಷಿಸಿತು. ಮಾರನೆಯ ದಿನವೇ ನಿಂಟೆಂಡೊ ಅದೇ ಮೇಳದಲ್ಲಿ, ತನ್ನ ಜೊತೆಗಾರ ಫಿಲಿಪ್ಸ್ ಎಂದುಬಿಟ್ಟಿತು! ತುಂಬಿದ ಸಭೆಯಲ್ಲಿ ಮಾನ ಹೋದ ಸೋನಿ ತಾನೇ ಒಂದು ಪೆಟ್ಟಿಗೆ ಮಾಡಲು ಹೊರಟಿತು. ಅದೇ ಪ್ಲೇಸ್ಟೇಷನ್.

ಗೇಮ್‌ಗಳಿಗೆಂದೇ ನಡೆದ ಇ-3 ಮೇಳ ಲಾಸ್ ಏಂಜಲೀಸ್‌ನಲ್ಲಿ ಶುರುವಾದದ್ದು 1995ರ ಮೇ 11ರಂದು. ಸಮಯವನ್ನೂ ಲೆಕ್ಕ ಹಾಕಿಯೇ ಇಟ್ಟಿದ್ದರು. ಅಮೆರಿಕದಲ್ಲಿ ಆಟದ ಸಾಮಾನು ಭರ್ಜರಿಯಾಗಿ ಖರ್ಚಾಗುವುದು ಕ್ರಿಸ್‌ಮಸ್ ಹೊತ್ತಿಗೆ. ಮೇ, ಜೂನ್‌ನಲ್ಲಿ ಮಾಲು ನೋಡಿದರೆ ಅಂಗಡಿಯವರು ಆರ್ಡರ್ ಕೊಡಲು ಸಮಯ ಸಿಗುತ್ತದೆ.

ಸೆಗಾದ ಹೊಸ ಪೆಟ್ಟಿಗೆ ಸ್ಯಾಟರ್ನ್ ಆ ವರ್ಷ ಸೆಪ್ಟೆಂಬರ್ 2ಕ್ಕೆ ಬರುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಸೋನಿಗಿಂತ ಮೊದಲು ಮಾರುಕಟ್ಟೆಗೆ ಇಳಿಯಲೇಬೇಕೆಂದು ಜಪಾನಿನ ಮುಖ್ಯ ಕಚೇರಿಯಿಂದ ಒತ್ತಡ ಬಂತು. ಹೀಗಾಗಿ ಸೆಗಾದ ಅಮೆರಿಕ ವಿಭಾಗದ ಮುಖ್ಯಸ್ಥ ಟಾಮ್ ಕಲಿನ್‌ಸ್ಕಿ ಮೇಳದ ವೇದಿಕೆಯಲ್ಲಿ, ಬೆಲೆ 399 ಡಾಲರ್, ಮಾಲು ಇವತ್ತೇ ಅಂಗಡಿಯಲ್ಲಿದೆ ಎಂದು ಘೋಷಿಸಿದರು. ಸಭೆ ಬೆರಗಾಯಿತು. ಆದರೆ ಸುಮಾರು 30 ಸಾವಿರ ಪೆಟ್ಟಿಗೆಗಳು ಹೋಗಿದ್ದದ್ದು ನಾಲ್ಕೇ ಕಂಪನಿಗಳ ಅಂಗಡಿಗಳಿಗೆ. ವಾಲ್‌ಮಾರ್ಟ್, ಬೆಸ್ಟ್ ಬೈ, ಕೆಬಿ ಟಾಯ್ಸ್‌ನಂಥ ದೊಡ್ಡ ಮಳಿಗೆಗಳಿಗೆ ಒಂದೂ ಇಲ್ಲ. ಸಿಟ್ಟಾದ ಕೆಬಿ ಟಾಯ್ಸ್ ಸೆಗಾ ಮಾಲನ್ನೇ ಇಡುವುದಿಲ್ಲ ಎಂದಿತು. ಸೆಪ್ಟೆಂಬರ್ ಲೆಕ್ಕದಲ್ಲಿ ಗೇಮ್ ಮಾಡುತ್ತಿದ್ದವರ ಕೆಲಸ ಇನ್ನೂ ಮುಗಿದಿರಲಿಲ್ಲ. ಹೀಗಾಗಿ ಪೆಟ್ಟಿಗೆ ಕೊಂಡವರಿಗೂ ಆಡಲು ಬೆರಳೆಣಿಕೆಯ ಗೇಮ್‌ಗಳು. ಮೇಳ ಯಾರನ್ನು ಒಲಿಸಿಕೊಳ್ಳಲು ಇದೆಯೋ ಅವರನ್ನೇ ಸೆಗಾ ಒಂದೇ ದಿನದಲ್ಲಿ ಎದುರು ಹಾಕಿಕೊಂಡಿತ್ತು.

ಅದೇ ದಿನ ಸೋನಿಯ ಸರದಿ. ಅದರ ಅಮೆರಿಕ ವಿಭಾಗದ ಸ್ಟೀವ್ ರೇಸ್ ಮೈಕ್ ಮುಂದೆ ಬಂದು "299" ಎಂದಷ್ಟೇ ಹೇಳಿ ಕೆಳಗಿಳಿದರು. ಭಾಷಣ ಮುಗಿಯಿತು! ನಮ್ಮ ದನದ ಜಾತ್ರೆಗಳಲ್ಲಿ ಟವಲಿನ ಅಡಿ ಬೆರಳು ಹಿಡಿದು ಬೆಲೆ ಕುದುರಿಸುತ್ತಾರೆ, ಪಕ್ಕದವನಿಗೂ ತಿಳಿಯದು. ಇಲ್ಲಿ ಎದುರಾಳಿಗೆ ಕೇಳಲೆಂದೇ ಹೇಳಿದ್ದು. ನೂರು ಡಾಲರ್ ಅಂತರ ಮರುದಿನವೇ ಎಲ್ಲರ ಬಾಯಲ್ಲಿತ್ತು. ಕೊನೆಗೆ ಪ್ಲೇಸ್ಟೇಷನ್ ಜಗತ್ತಿನಾದ್ಯಂತ 10 ಕೋಟಿಗೂ ಹೆಚ್ಚು ಮಾರಾಟವಾಯಿತು, ಸ್ಯಾಟರ್ನ್ ಒಂದು ಕೋಟಿಯನ್ನೂ ಮುಟ್ಟಲಿಲ್ಲ. ಸ್ಯಾಟರ್ನ್‌ಗೆ ಗೇಮ್ ಬರೆಯುವುದು ಕಷ್ಟವಿತ್ತು ಎಂಬುದೂ ಒಂದು ಕಾರಣ. ಎಲ್ಲವನ್ನೂ ಮೇಳದ ತಲೆಗೆ ಕಟ್ಟುವಂತಿಲ್ಲ.

ಗೆದ್ದವರಿಗೂ ಸೊಕ್ಕು ಬರುತ್ತದೆ. 2006ರ ಇ-3ರಲ್ಲಿ ಸೋನಿ ಪ್ಲೇಸ್ಟೇಷನ್ 3ಕ್ಕೆ 499 ಮತ್ತು 599 ಡಾಲರ್ ಎಂದಾಗ ಜನ ಹುಬ್ಬೇರಿಸಿದರು. ಅತ್ತ ನಿಂಟೆಂಡೊ ಬೆಲೆ ಹೇಳದೆ, ಕೈ ಬೀಸಿ ಆಡುವ ವೀ ಪೆಟ್ಟಿಗೆಯನ್ನು ಬಂದವರ ಕೈಗೇ ಕೊಟ್ಟಿತು. ಅದನ್ನು ಆಡಲು ತಾಸುಗಟ್ಟಲೆ ಸಾಲು. ಕೈ ಬೀಸಿ ಆಡುವ ಸುಖ ಜಾಹೀರಾತು ನೋಡಿದರೆ ತಿಳಿಯುವಂಥದ್ದಲ್ಲ. ಎತ್ತು ಕೊಳ್ಳುವವನು ಹಲ್ಲು ನೋಡಿಯೇ ಮುಂದಿನ ಮಾತಾಡುವುದು.

2013ರಲ್ಲಿ ಪೆಟ್ಟು ತಿಂದದ್ದು ಮೈಕ್ರೋಸಾಫ್ಟ್. ಅದರ ಎಕ್ಸ್‌ಬಾಕ್ಸ್ ಒನ್ ದಿನಕ್ಕೊಮ್ಮೆ ಇಂಟರ್‌ನೆಟ್‌ಗೆ ಸೇರಲೇಬೇಕು, ಹಳೆಯ ಗೇಮ್ ಇನ್ನೊಬ್ಬರಿಗೆ ಕೊಡಲು ಷರತ್ತುಗಳಿವೆ ಎಂದು ಮೊದಲೇ ಸುದ್ದಿಯಾಗಿತ್ತು. ಜೂನ್ 10ರ ಬೆಳಿಗ್ಗೆ ಬೆಲೆ 499 ಡಾಲರ್ ಎಂದರು. ಸಂಜೆ ಸೋನಿ 399 ಎಂದಿತು. ಗೇಮ್ ಹಂಚಿಕೊಳ್ಳುವುದು ಹೇಗೆಂದು ತೋರಿಸುವ ಒಂದು ಚಿಕ್ಕ ವಿಡಿಯೋವನ್ನೂ ಬಿಟ್ಟಿತು. ಅದರಲ್ಲಿ ಒಬ್ಬ ಅಧಿಕಾರಿ ಡಿಸ್ಕನ್ನು ಪಕ್ಕದವರ ಕೈಗೆ ಕೊಡುತ್ತಾರೆ, ಮುಗಿಯಿತು. ಒಂಬತ್ತೇ ದಿನದಲ್ಲಿ ಮೈಕ್ರೋಸಾಫ್ಟ್ ಷರತ್ತುಗಳನ್ನು ಹಿಂತೆಗೆದುಕೊಂಡಿತು. ಆದರೂ ಪ್ಲೇಸ್ಟೇಷನ್ 4ರ ಮಾರಾಟ ಎಕ್ಸ್‌ಬಾಕ್ಸ್ ಒನ್‌ನ ಎರಡು ಪಟ್ಟಿಗಿಂತ ಹೆಚ್ಚಾಯಿತು.

ಇಷ್ಟೆಲ್ಲ ಇದ್ದೂ ಮೇಳ ಉಳಿಯಲಿಲ್ಲ. ಗಿರಾಕಿ ಇಂಟರ್‌ನೆಟ್‌ನಲ್ಲಿ ನೇರವಾಗಿ ಸಿಗುವಾಗ ಮಳಿಗೆಗೆ ದುಡ್ಡು ಸುರಿಯುವುದೇಕೆ? ನಿಂಟೆಂಡೊ 2011ರಲ್ಲೇ ತನ್ನದೇ ವಿಡಿಯೋ ಪ್ರಸಾರ ಆರಂಭಿಸಿ, 2013ರಿಂದ ಇ-3ರಲ್ಲಿ ದೊಡ್ಡ ವೇದಿಕೆ ಕಾರ್ಯಕ್ರಮ ನಿಲ್ಲಿಸಿತು. 2019ರಲ್ಲಿ ಸೋನಿ ಬರಲೇ ಇಲ್ಲ. 2020ರ ಮೇಳ ಕೋವಿಡ್‌ನಿಂದ ರದ್ದಾಯಿತು, 2021ರದ್ದು ಆನ್‌ಲೈನ್‌ನಲ್ಲಿ ಮುಗಿಯಿತು, 2022 ಮತ್ತು 2023ರಲ್ಲಿ ನಡೆಯಲೇ ಇಲ್ಲ. ಇ-3 ಇನ್ನಿಲ್ಲವೆಂದು 2023ರ ಡಿಸೆಂಬರ್‌ನಲ್ಲಿ ಸಂಘಟಕರೇ ಪ್ರಕಟಿಸಿದರು.

ನಿಂಟೆಂಡೊದ ಸ್ವಿಚ್ 2 ಪೆಟ್ಟಿಗೆಯ ವಿವರ 2025ರ ಏಪ್ರಿಲ್ 2ರಂದು ಬಂದದ್ದು ವಿಡಿಯೋ ಮೂಲಕವೇ. ವಿಶೇಷವೆಂದರೆ ಆ ವಿಡಿಯೋದಲ್ಲಿ ಬೆಲೆಯ ಮಾತೇ ಇರಲಿಲ್ಲ. ಸುಮಾರು 450 ಡಾಲರ್ ಎಂಬುದು ಬೇರೆಯಾಗಿ ತಿಳಿಯಿತು. ಆದರೂ ಜೂನ್ 5ರಂದು ಮಾರಾಟಕ್ಕೆ ಬಂದ ನಾಲ್ಕು ದಿನದಲ್ಲಿ 35 ಲಕ್ಷ ಪೆಟ್ಟಿಗೆಗಳು ಹೋದವು. ಅದೇ ವರ್ಷ ಆಗಸ್ಟ್‌ನಲ್ಲಿ ಜರ್ಮನಿಯ ಕಲೋನ್ ನಗರದ ಗೇಮ್ಸ್‌ಕಾಮ್ ಮೇಳದಲ್ಲಿ, ಹಿಂದಿನ ವರ್ಷ ಗೈರಾಗಿದ್ದ ನಿಂಟೆಂಡೊ ಮತ್ತೆ ಮಳಿಗೆ ಹಾಕಿ, ಬಂದವರ ಕೈಗೆ ಆ ಪೆಟ್ಟಿಗೆ ಕೊಟ್ಟು ಆಡಿಸಿತು.