ಹೃದಯದ ಡಾಕ್ಟರ ಮುಖದ ಕ್ರೀಮು

ಮೊನ್ನೆ ರಾತ್ರಿ ಹನ್ನೊಂದೂವರೆಗೆ ಆಫೀಸಿನ ಕಾಲ್ ಮುಗಿಸಿ, ಲ್ಯಾಪ್‌ಟಾಪ್ ಕ್ಯಾಮೆರಾದಲ್ಲಿ ನನ್ನದೇ ಮುಖ ನೋಡಿ ಬೇಜಾರಾಗಿ, ಒಂದು ಸೀರಮ್ ಕಾರ್ಟಿಗೆ ಹಾಕಿದೆ. 30 ಎಂಎಲ್ ಬಾಟಲಿ. ಬೆಲೆ ಎಷ್ಟು ಅಂತ ಅಮ್ಮನಿಗೆ ಹೇಳೋ ಧೈರ್ಯ ನನಗಿಲ್ಲ. ಜೀವಕೋಶದ ಮಟ್ಟದಲ್ಲೇ ವಯಸ್ಸನ್ನು ನಿಧಾನ ಮಾಡುತ್ತದೆ ಅಂತ ಫೋಟೋದ ಪಕ್ಕದಲ್ಲಿ ದೊಡ್ಡಕ್ಷರದಲ್ಲಿ ಬರೆದಿತ್ತು. ದುಡ್ಡು ಕಟ್ಟುವ ಮುಂಚೆ ಒಂದು ಕುತೂಹಲ ಬಂತು: ಈ 'ಜೀವಕೋಶ' ಅನ್ನೋದು ಬಯಾಲಜಿ ಪುಸ್ತಕ ಬಿಟ್ಟು ಕ್ರೀಮಿನ ಡಬ್ಬಿ ಮೇಲೆ ಬಂದು ಕೂತದ್ದು ಹೇಗೆ? ಹುಡುಕುತ್ತಾ ಹೋದರೆ ಸಿಕ್ಕಿದ್ದು ಒಬ್ಬ ಹೃದಯದ ಡಾಕ್ಟರು.

ಕ್ರಿಶ್ಚಿಯಾನ್ ಬರ್ನಾರ್ಡ್ ಹೆಸರು ನೀವು ಕ್ವಿಜ್‌ಗಳಲ್ಲಿ ಕೇಳಿರುತ್ತೀರಿ. 1967ರ ಡಿಸೆಂಬರ್ 3ರಂದು ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ, ಮನುಷ್ಯನಿಂದ ಮನುಷ್ಯನಿಗೆ ಮೊದಲ ಬಾರಿ ಹೃದಯ ಕಸಿ ಮಾಡಿದವರು. ರೋಗಿ ಲೂಯಿ ವಾಷ್ಕಾನ್ಸ್ಕಿ ಬದುಕಿದ್ದು 18 ದಿನ ಮಾತ್ರ. ಆದರೂ ಬರ್ನಾರ್ಡ್ ರಾತ್ರೋರಾತ್ರಿ ಸಿನಿಮಾ ಸ್ಟಾರ್ ಥರ ಆಗಿಬಿಟ್ಟರು. ಆಮೇಲೆ ಸಂಧಿವಾತದಿಂದ ಕೈಬೆರಳು ಕೆಟ್ಟು 1983ರಲ್ಲಿ ಆಪರೇಷನ್ ಥಿಯೇಟರ್ ಬಿಡಬೇಕಾಯಿತು.

ಮೂರು ವರ್ಷ ಕಳೆದು, 1986ರಲ್ಲಿ, ಅದೇ ಬರ್ನಾರ್ಡ್ ಅಮೆರಿಕದ ದೊಡ್ಡ ಅಂಗಡಿಗಳಲ್ಲಿ ಪ್ರತ್ಯಕ್ಷ. ಪ್ರಚಾರ ಮಾಡುತ್ತಿದ್ದದ್ದು 'ಗ್ಲೈಸೆಲ್' ಅನ್ನೋ ಕ್ರೀಮಿಗೆ. ಅದರಲ್ಲಿರುವ ಜಿಎಸ್ಎಲ್ ಎಂಬ ಕೊಬ್ಬಿನಂಥ ವಸ್ತು ಚರ್ಮದ ಕೋಶಗಳಿಗೇ ಹೊಸ ಚೈತನ್ಯ ಕೊಡುತ್ತದೆ ಎಂಬುದು ಪ್ರಚಾರದ ಸಾರ. ಯೋಚಿಸಿ, ಸತ್ತವನ ಹೃದಯವನ್ನು ಇನ್ನೊಬ್ಬರ ಎದೆಯಲ್ಲಿ ಬಡಿಯುವಂತೆ ಮಾಡಿದ ಮನುಷ್ಯ ಹೇಳಿದರೆ ಯಾರು ನಂಬಲ್ಲ? ಆದರೆ ಡಾಕ್ಟರುಗಳೇ ತಿರುಗಿಬಿದ್ದರು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅಡ್ಡ ಬಂತು. ಗ್ಲೈಸೆಲ್ ಹೆಚ್ಚು ಕಾಲ ಅಂಗಡಿಯಲ್ಲಿ ಉಳಿಯಲಿಲ್ಲ. ಬರ್ನಾರ್ಡ್ ಹೆಸರಿಗೆ ಅಂಟಿದ ಮಸಿ ಮಾತ್ರ ಉಳಿಯಿತು.

ಎಫ್‌ಡಿಎ ಆಕ್ಷೇಪದ ತರ್ಕ ಸ್ವಾರಸ್ಯವಾಗಿದೆ. ಅಲ್ಲಿನ 1938ರ ಕಾನೂನಿನ ಪ್ರಕಾರ, ಅಂದವನ್ನು, ಹೊರನೋಟವನ್ನು ಬದಲಿಸುವಂಥದ್ದು ಸೌಂದರ್ಯವರ್ಧಕ. ದೇಹದ ರಚನೆಯನ್ನೋ ಕೆಲಸವನ್ನೋ ಬದಲಿಸುವಂಥದ್ದು ಔಷಧ. ಡಬ್ಬಿಯೊಳಗೆ ಏನಿದೆ ಅನ್ನೋದಕ್ಕಿಂತ ಡಬ್ಬಿ ಮೇಲೆ ಏನು ಹೇಳಿದ್ದೀರಿ ಅನ್ನೋದು ಮುಖ್ಯ. ಜೀವಕೋಶವನ್ನು ಸರಿಮಾಡುತ್ತೇವೆ ಅಂದಿರಾ? ಹಾಗಾದರೆ ನಿಮ್ಮದು ಔಷಧ, ಬನ್ನಿ, ಪರೀಕ್ಷೆ ಮಾಡಿ ತೋರಿಸಿ.

ಇದು ಹಳೇ ಜಗಳವೇ. 1960ರ ದಶಕದಲ್ಲಿ 'ಸಡನ್ ಚೇಂಜ್' ಅನ್ನೋ ಲೋಷನ್ ಬಂದಿತ್ತು. ಅದರಲ್ಲಿ ಸುಮಾರು 15 ಭಾಗ ದನದಿಂದ ತೆಗೆದ ಅಲ್ಬುಮಿನ್, ಮಿಕ್ಕಿದ್ದು ಹೆಚ್ಚುಕಡಿಮೆ ಬರೀ ನೀರು. ಹಚ್ಚಿದರೆ ಒಣಗಿ ಚರ್ಮ ಬಿಗಿದು ಕೆಲವು ಗಂಟೆ ಸುಕ್ಕು ಮರೆಯಾಗುತ್ತಿತ್ತು. ನಮ್ಮ ಮನೆಗಳಲ್ಲಿ ಮೊಟ್ಟೆಯ ಬಿಳಿ ಹಚ್ಚಿಕೊಂಡು ನಗದೆ ಕೂರುತ್ತಾರಲ್ಲ, ಅದೇ ಕಥೆ. ಜಾಹೀರಾತಿನಲ್ಲಿ ಮಾತ್ರ ಆಪರೇಷನ್ ಇಲ್ಲದೆ ಫೇಸ್‌ಲಿಫ್ಟ್ ಅಂದರು. 1969ರಲ್ಲಿ ಮೇಲ್ಮನವಿ ನ್ಯಾಯಾಲಯ, ಇಂಥ ಮಾತಾಡಿದ ಮೇಲೆ ಇದು ಔಷಧವೇ ಅಂತ ತೀರ್ಪು ಕೊಟ್ಟಿತು.

ಗ್ಲೈಸೆಲ್ ಗಲಾಟೆಯ ಬೆನ್ನಿಗೆ, 1987ರಲ್ಲಿ, ಎಫ್‌ಡಿಎ ಇಪ್ಪತ್ತಕ್ಕೂ ಹೆಚ್ಚು ಕಂಪನಿಗಳಿಗೆ ಪತ್ರ ಬರೆಯಿತು. ಕಂಪನಿಗಳು ಕೋಶದ ಮೇಲೆ ಸಂಶೋಧನೆ ಮಾಡಿ ತೋರಿಸೋದಕ್ಕಿಂತ ವ್ಯಾಕರಣ ತಿದ್ದಿಕೊಳ್ಳೋದು ಸುಲಭ ಅಂತ ಕಂಡುಕೊಂಡವು. 'ಸುಕ್ಕು ಕಡಿಮೆಯಾಗುತ್ತದೆ' ಹೋಗಿ 'ಸುಕ್ಕು ಕಡಿಮೆಯಾದಂತೆ ಕಾಣುತ್ತದೆ' ಬಂತು. ನಮ್ಮ ಭಾಷೆಯಲ್ಲಂತೂ ಈ 'ಅಂತೆ' ಎಷ್ಟು ಚೆನ್ನಾಗಿ ಕೂರುತ್ತೆ ನೋಡಿ, ಅಂತೆ-ಕಂತೆಯ ಅಂತೆ! ಎಲ್ಲರೂ ಪಾಠ ಕಲಿತರು ಅಂತೇನಲ್ಲ. 2012ರಲ್ಲಿ ಜೀನ್‌ಗಳ ಚಟುವಟಿಕೆ ಹೆಚ್ಚಿಸುವ ಮಾತಾಡಿದ್ದಕ್ಕೆ ಲ್ಯಾಂಕೋಮ್ ಕಂಪನಿಗೂ ಎಚ್ಚರಿಕೆ ಪತ್ರ ಹೋಯಿತು.

ಹಾಗಾದರೆ ಕೋಶದೊಳಗೆ ನಿಜಕ್ಕೂ ಕೆಲಸ ಮಾಡುವ ಕ್ರೀಮೇ ಇಲ್ವಾ? ಇದೆ. ಅದರ ಚರಿತ್ರೆ ಓದಿದ ಮೇಲೆ ನನಗೆ ನಿದ್ದೆ ಬರಲಿಲ್ಲ.

ಎ ಜೀವಸತ್ವದ ಕುಟುಂಬಕ್ಕೆ ಸೇರಿದ ಟ್ರೆಟಿನಾಯಿನ್ ಅಮೆರಿಕದಲ್ಲಿ 1971ರಲ್ಲಿ ಮೊಡವೆಗೆ ಔಷಧವಾಗಿ ಒಪ್ಪಿಗೆ ಪಡೆಯಿತು. ವಯಸ್ಸಾದ ಕೆಲ ಹೆಂಗಸರು ಮೊಡವೆಗೆ ಅಂತ ಹಚ್ಚಿಕೊಂಡು, ಡಾಕ್ಟ್ರೇ, ಚರ್ಮ ನುಣುಪಾಗಿದೆ, ಸುಕ್ಕೂ ಕಮ್ಮಿಯಾಗಿದೆ ಅಂದರಂತೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಆಲ್ಬರ್ಟ್ ಕ್ಲಿಗ್ಮನ್ 1986ರಲ್ಲಿ ಇದರ ಬಗ್ಗೆ ಪ್ರಬಂಧ ಪ್ರಕಟಿಸಿದರು. 1988ರಲ್ಲಿ ಮಿಷಿಗನ್‌ನ ತಂಡ 30 ಜನರ ಮೇಲೆ 16 ವಾರ ಪ್ರಯೋಗ ಮಾಡಿ ಹೌದು ಅಂದಿತು. ಮುಂದೆ 1993ರ ಅಧ್ಯಯನವೊಂದರಲ್ಲಿ, 10–12 ತಿಂಗಳು ಹಚ್ಚಿದವರ ಬಿಸಿಲಿಗೆ ಹಾಳಾದ ಚರ್ಮದಲ್ಲಿ ಹೊಸ ಕೊಲಾಜೆನ್ ತಯಾರಿ ಶೇ. 80ರಷ್ಟು ಹೆಚ್ಚಿದ್ದು ಕಂಡಿತು. ಔಷಧವಿಲ್ಲದ ಬರೀ ಕ್ರೀಮ್ ಹಚ್ಚಿದವರಲ್ಲಿ ಶೇ. 14ರಷ್ಟು ಇಳಿದಿತ್ತು. ಇದು ಹೊರಗಿನ ಪಾಲಿಶ್ ಅಲ್ಲ. ಟ್ರೆಟಿನಾಯಿನ್ ಕೋಶಕೇಂದ್ರದೊಳಗೇ ಹೋಗಿ ಜೀನ್‌ಗಳ ಸ್ವಿಚ್ ಒತ್ತುತ್ತದೆ.

ಆದರೆ ಈ ಕ್ಲಿಗ್ಮನ್ ಯಾರು? 1951ರಿಂದ 1974ರವರೆಗೆ ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಜೈಲಿನಲ್ಲಿ ಕೈದಿಗಳ ಚರ್ಮದ ಮೇಲೆ ಪ್ರಯೋಗ ನಡೆಸಿದವರು. ಕೈದಿಗಳಲ್ಲಿ ಹೆಚ್ಚಿನವರು ಕಪ್ಪು ಜನ. ಎಷ್ಟೋ ಮಂದಿಗೆ ಇನ್ನೂ ವಿಚಾರಣೆಯೇ ಮುಗಿದಿರಲಿಲ್ಲ, ಜಾಮೀನಿಗೆ ದುಡ್ಡಿರಲಿಲ್ಲ. ಕೆಲವೇ ಡಾಲರ್ ಆಸೆಗೆ ಬೆನ್ನು ಕೊಟ್ಟರು. ಅಲ್ಲಿ ಡೈಆಕ್ಸಿನ್‌ನಂಥ ವಿಷವನ್ನೂ ಹಚ್ಚಿದ್ದರು. ಟ್ರೆಟಿನಾಯಿನ್ ಕೂಡ ಅಲ್ಲಿ ಪರೀಕ್ಷೆಯಾದದ್ದೇ. 2000ದಲ್ಲಿ ಸುಮಾರು 300 ಮಾಜಿ ಕೈದಿಗಳು ಕೋರ್ಟಿಗೆ ಹೋದರೆ, ಕಾಲ ಮೀರಿದೆ ಅಂತ ದಾವೆ ವಜಾ ಆಯಿತು. ಕ್ಲಿಗ್ಮನ್ 2010ರಲ್ಲಿ ತೀರಿಕೊಂಡರು. ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆ ಕ್ಷಮೆ ಕೇಳಿದ್ದು 2021ರಲ್ಲಿ, ಫಿಲಡೆಲ್ಫಿಯಾ ನಗರ ಕೇಳಿದ್ದು 2022ರಲ್ಲಿ.

ಇಷ್ಟೆಲ್ಲ ಆಗಿ, 1995ರ ಕೊನೆಗೆ ಟ್ರೆಟಿನಾಯಿನ್ ಸುಕ್ಕಿನ ಔಷಧವಾಗಿ 'ರೆನೋವಾ' ಹೆಸರಲ್ಲಿ ಒಪ್ಪಿಗೆ ಪಡೆಯಿತು. ಅದರ ಲೇಬಲ್‌ನಲ್ಲಿ ದಪ್ಪಕ್ಷರದಲ್ಲಿ ಏನಿತ್ತು ಗೊತ್ತಾ? ಇದು ಸುಕ್ಕನ್ನು ಹೋಗಲಾಡಿಸುವುದಿಲ್ಲ, ಬಿಸಿಲಿನ ಹಾನಿಯನ್ನು ರಿಪೇರಿ ಮಾಡುವುದಿಲ್ಲ, ಚರ್ಮಕ್ಕೆ ಎಳೆಯ ಕಾಲದ ರಚನೆಯನ್ನು ಮರಳಿ ತರುವುದಿಲ್ಲ ಅಂತ! ಸಣ್ಣ ಸುಕ್ಕು, ಕಲೆ, ಒರಟುತನ ಸ್ವಲ್ಪ ತಗ್ಗಬಹುದು, ಅಷ್ಟೇ. ಪರೀಕ್ಷೆ ಪಾಸಾದ ಹುಡುಗ ತಲೆ ತಗ್ಗಿಸಿ ಮಾತಾಡುತ್ತಾನೆ. ಪರೀಕ್ಷೆಗೇ ಕೂರದವನ ಜಂಬ ಕೇಳಬೇಕು.

(ಹಾಗಂತ ಮೆಡಿಕಲ್ ಶಾಪಿಗೆ ಓಡಬೇಡಿ. ಚರ್ಮ ಉರಿಯುತ್ತೆ, ಸುಲಿಯುತ್ತೆ, ಬಸುರಿಯರು ಹಚ್ಚಲೇಬಾರದು. ಡಾಕ್ಟರನ್ನು ಕೇಳಿ.)

ಇದರಲ್ಲೆಲ್ಲ ನನಗೆ ತುಂಬ ಇಷ್ಟವಾದದ್ದು ಒಂದು ಸಪ್ಪೆ ಪ್ರಯೋಗ. ಆಸ್ಟ್ರೇಲಿಯಾದ ನ್ಯಾಂಬೋರ್ ಎಂಬ ಊರಲ್ಲಿ 1990ರ ದಶಕದಲ್ಲಿ 55 ವರ್ಷದೊಳಗಿನ 903 ಜನರನ್ನು ಸುಮಾರು ನಾಲ್ಕೂವರೆ ವರ್ಷ ಗಮನಿಸಿದರು. ಕೆಲವರಿಗೆ ದಿನಾ ಸನ್‌ಸ್ಕ್ರೀನ್ ಹಚ್ಚಲು ಹೇಳಿದರು, ಮಿಕ್ಕವರಿಗೆ ಮನಸ್ಸು ಬಂದಾಗ. 2013ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ದಿನಾ ಹಚ್ಚಿದವರ ಚರ್ಮದ ಮುಪ್ಪು ಶೇ. 24ರಷ್ಟು ಕಡಿಮೆ. ಬಿಸಿಲು ಕೋಶಗಳಿಗೆ ಮಾಡುವ ಹಾನಿಯನ್ನು ತಡೆದದ್ದಷ್ಟೇ. ಕೋಶಕ್ಕೆ ತನ್ನದೇ ಆದ ಗಡಿಯಾರವೂ ಇದೆ. ಮನುಷ್ಯನ ಕೋಶ ಗಾಜಿನ ತಟ್ಟೆಯಲ್ಲಿ ಸುಮಾರು 50 ಸಲ ವಿಭಜನೆಯಾಗಿ ನಿಂತುಬಿಡುತ್ತದೆ ಅಂತ ಲಿಯೊನಾರ್ಡ್ ಹೇಫ್ಲಿಕ್ 1961ರಲ್ಲೇ ತೋರಿಸಿದ್ದರು. ಆ ಗಡಿಯಾರವನ್ನು ತಿರುಗಿಸುತ್ತೇನೆ ಅಂತ ಸಾಬೀತು ಮಾಡಿದ ಕ್ರೀಮು ಇನ್ನೂ ಬಂದಿಲ್ಲ.

ನಮ್ಮ ದೇಶದ 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯಲ್ಲೂ ಸೌಂದರ್ಯವರ್ಧಕ ಅಂದರೆ ಅಂದ ಹೆಚ್ಚಿಸುವಂಥದ್ದು, ಹೊರನೋಟ ಬದಲಿಸುವಂಥದ್ದು ಅಂತಲೇ ಇದೆ. ಅದು ನೆನಪಾಗಿ ಕಾರ್ಟಿನಲ್ಲಿದ್ದ ಬಾಟಲಿಯ ಹಿಂಬದಿಯ ಫೋಟೋ ಎಳೆದು ದೊಡ್ಡದು ಮಾಡಿ ಓದಿದೆ. ಇರುವೆಯಂಥ ಅಕ್ಷರದಲ್ಲಿ, ಕೊನೇ ಸಾಲಿನಲ್ಲಿ, ಮುಖ ಕಾಂತಿಯುತವಾಗಿ 'ಕಾಣುವಂತೆ' ಮಾಡುತ್ತದೆ ಅಂತಿತ್ತು. ಸೀರಮ್ ತೆಗೆದು ಸನ್‌ಸ್ಕ್ರೀನ್ ಹಾಕಿದೆ. ಆಮೇಲೂ ತುಂಬ ಹೊತ್ತು ಹೋಮ್ಸ್‌ಬರ್ಗ್ ಕೈದಿಗಳ ಫೋಟೋ ನೋಡುತ್ತಾ ಕೂತಿದ್ದೆ. ಬೆನ್ನ ತುಂಬ ಚೌಕ ಚೌಕವಾಗಿ ಅಂಟಿಸಿದ ಪಟ್ಟಿಗಳು.